ಆಸರೆ ತೆಗೆದ ಮೆಟ್ಟಿಲು

ಮಾರ್ಚ್ ೩, ೧೮೧೮. ಬೆಳಿಗ್ಗೆ

ಇವತ್ತೂ ಗಾರೆಯ ಧೂಳಿನಲ್ಲೇ ಚಹಾ. ಹೊಸ ಮನೆ ಮುಗಿದಿಲ್ಲ. ಅಣ್ಣನೂ ನಾನೂ ಕೆಳಗಿನ ಎರಡು ಕೋಣೆಗಳಲ್ಲಿ. ಸಮುದ್ರದ ಕಡೆ ಬಿಲ್ಲಿನಂತೆ ಬಾಗಿದ ಗೋಡೆ, ನೆಲ ಮುಟ್ಟುವ ಕಿಟಕಿಗಳು. ಬೆಳಕು ನಡೆದುಕೊಂಡೇ ಒಳಗೆ ಬರುತ್ತದೆ.

ನಡುಮನೆ ಮಾತ್ರ ಮರದ ಆಸರೆಗಳ ಕಾಡು. ಅವುಗಳ ಮೇಲೆ ಸುತ್ತುಮೆಟ್ಟಿಲು... ಪ್ರತಿ ಕಲ್ಲಿನ ಒಂದು ತುದಿ ಗೋಡೆಯೊಳಗೆ, ಇನ್ನೊಂದು ಗಾಳಿಯಲ್ಲಿ. ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದಾಗಿನಿಂದ ಅಣ್ಣ ಮಹಡಿ ಹತ್ತಿದವನಲ್ಲ. ಮರದ ಕಾಲು ಕುಟ್ಟಿ ಗುಡುಗಿದ:

"ಡಾರ್ಕಸ್, ಇದೇನು ಮೆಟ್ಟಿಲೋ, ನನ್ನ ಗೋರಿಕಲ್ಲೋ? ಕೆಳಗೆ ಕಂಬ ನಿಲ್ಲಿಸೋಕೆ ಹೇಳು."

"ಕಂಬ ಬಂದ್ರೆ ಅಂದವೇ ಹೋಯ್ತಲ್ಲ, ಅಣ್ಣ."

"ಹಾಗಾದ್ರೆ ಅಂದ ಇಟ್ಕೊಂಡು ನೀನೇ ಹತ್ತು."

ನಕ್ಷೆ ಆರಿಸಿದ್ದು ನಾನೇ.

ಮಾರ್ಚ್ ೪

ವಾಸ್ತುಶಿಲ್ಪಿ ಟ್ರೆಗಿಯರ್ ಬಂದಿದ್ದರು. ಅಣ್ಣ ಬಿಡಲಿಲ್ಲ.

"ಈ ಕಲ್ಲು ಯಾವುದರ ಮೇಲೆ ನಿಂತಿದೆ?"

"ಅದರ ಕೆಳಗಿನದರ ಮೇಲೆ, ಕ್ಯಾಪ್ಟನ್."

"ಅದು?"

"ಅದರ ಕೆಳಗಿನದರ ಮೇಲೆ."

"ನಮ್ಮ ಹಡಗಿನ ಅಡುಗೆಯವನೂ ಮಾಂಸ ಎಲ್ಲೋಯ್ತು ಅಂದ್ರೆ ಹೀಗೇ, ಕೆಳಗಿನ ಪೀಪಾಯಿಲಿದೆ, ಅದರ ಕೆಳಗಿನದರಲ್ಲಿದೆ ಅಂತಿದ್ದ!"

ಆಸರೆ ತೆಗೆದಾಗ ಒಂದು ಕಲ್ಲು ಬಿರುಕು ಬಿಟ್ಟರೂ ಎಲ್ಲ ಕೀಳಿಸುವುದಾಗಿ ಅಣ್ಣನ ಪಣ.

ಮಾರ್ಚ್ ೧೧. ಮಧ್ಯಾಹ್ನ

ಬಿರುಗಾಳಿಯಿಂದ ಕೆಲಸ ನಿಂತಿತ್ತು. ಇವತ್ತು ಆಸರೆ ತೆಗೆದರು.

ಮೊದಲ ಮರಕ್ಕೆ ಕೊಡತಿ ಬೀಳುವ ಮುಂಚೆ ಟ್ರೆಗಿಯರ್ ಮೆಟ್ಟಿಲ ಕೆಳಗೇ ಹೋಗಿ ನಿಂತರು. ಒಂದೊಂದೇ ಮರ ಬಿತ್ತು. ಕಡೆಯದು ಬಿದ್ದಾಗ ಕಲ್ಲುಗಳೆಲ್ಲ ಒಟ್ಟಿಗೆ ನಿಟ್ಟುಸಿರಿಟ್ಟಂಥ ಸದ್ದು. ಆಮೇಲೆ ಏನೂ ಇಲ್ಲ.

ನಿಂತಿದೆ! ಚಾವಣಿಯ ಅಂಡಾಕಾರದ ಗಾಜಿನಿಂದ ಬಿಸಿಲು ಸುರಿದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುತ್ತ ಕೆಳಗಿಳಿಯಿತು. ಶಂಖದ ಒಳಗೆ ನಿಂತ ಹಾಗೆ.

ಟ್ರೆಗಿಯರ್ ಕೈಯೆತ್ತಿ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು.

"ನಿಮಗೂ ಭಯ ಇತ್ತಾ?"

"ಇಲ್ದೆ ಇರುತ್ತಾ, ತಾಯಿ? ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ."

ಲಂಗ ಎತ್ತಿ ಹಿಡಿದು ನಾನೇ ಮೊದಲು ಹತ್ತಿದೆ. ಅಣ್ಣ ಕೆಳಗೆ ಮುಖ ತಿರುಗಿಸಿ ನಿಂತಿದ್ದ. ಬಿರುಕು ಹುಡುಕಲೇ ಇಲ್ಲ.

ಅದೇ ದಿನ. ಸಂಜೆ

ಮಹಡಿಯ ಕೋಣೆಯಲ್ಲಿ ಬರೆಯುತ್ತಿದ್ದೇನೆ. ಸಮುದ್ರವೆಲ್ಲ ತಾಮ್ರ. ಅಣ್ಣನಿಗೆ ಇದನ್ನು ತೋರಿಸಬೇಕಿತ್ತು.

ಕೆಳಗೆ ಸದ್ದು. ಕಲ್ಲಿನ ಮೇಲೆ ಮರದ ಕಾಲು... ಮತ್ತೆ. ಕಂಬಿ ಹಿಡಿದು ಬೈದುಕೊಳ್ಳುತ್ತಿದ್ದಾನೆ — ಟ್ರೆಗಿಯರನ್ನು, ನನ್ನನ್ನು, ಕಾಲನ್ನು. ಹೋಗಿ ಕೈ ಕೊಡಲೇ? ಬೇಡ. ಕೊಟ್ಟರೆ ಇಳಿದುಬಿಡುತ್ತಾನೆ.

ತಿರುವಿಗೆ ಬಂದ. ಬೈಗುಳ ನಿಂತಿತು. ಅಲ್ಲಿಂದಲೇ ಚಾವಣಿಯ ಗಾಜು ಕಾಣುವುದು.

"ಡಾರ್ಕಸ್..." ಇಷ್ಟು ಮೆಲ್ಲಗೆ ಅಣ್ಣ ಎಂದೂ ಕರೆದಿಲ್ಲ. "ಡಾರ್ಕಸ್, ಇದು ಯಾವುದರ ಮೇಲೆ ನಿಂತಿದೆ?" ಲೇಖನಿ ಇಡುತ್ತೇನೆ, ಅವನ ಪಕ್ಕ ನಿಂತು ನೋಡಬೇಕು.