ಬೆನ್ನುಜ್ಜುವುದನ್ನು ಅಪರಾಧವಾಗಿಸಿದವರಿಗೆ

ಸ್ನಾನಗೃಹಗಳ ಉಸ್ತುವಾರಿ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ನಮ್ಮ ಬೀದಿಯ ಸಾರ್ವಜನಿಕ ಸ್ನಾನಗೃಹದ ಬಾಗಿಲಿಗೆ ನೀವು ಹಾಕಿಸಿದ ಫಲಕ ಓದಿದೆ. ‘ಸ್ನಾನವೆಂದರೆ ವ್ಯಕ್ತಿಯೊಬ್ಬರು ತಮ್ಮ ದೇಹವನ್ನು ತಾವೇ ಶುಚಿಗೊಳಿಸಿಕೊಳ್ಳುವ ಕ್ರಿಯೆ. ಅನ್ಯರ ದೇಹಸ್ಪರ್ಶ ದಂಡನಾರ್ಹ.’ ಹಾಗಾದರೆ ಇಷ್ಟು ವರ್ಷ ನಾವು ಮಾಡಿದ್ದು ಸ್ನಾನವೇ ಅಲ್ಲವೇ?

ಹೆಂಗಸರ ಕಡೆಯ ಪದ್ಧತಿ ನಿಮಗೆ ಗೊತ್ತಿರಲಾರದು. ಕಲ್ಲಿನ ಮೇಲೆ ಮೊದಲು ಕೂತವಳ ಬೆನ್ನನ್ನು ಅನಂತರ ಬಂದವಳು ಉಜ್ಜಬೇಕು. ಪರಿಚಯ ಬೇಕಿಲ್ಲ, ಜಗಳವಿದ್ದರೂ ತಪ್ಪಿಸುವಂತಿಲ್ಲ. ನಾನು ದರ್ಜಿ, ಒಂಟಿ ಹೆಂಗಸು. ನನ್ನ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಯಂತ್ರವಿದೆ, ಬಚ್ಚಲಿಲ್ಲ. ಕಳೆದ ವರ್ಷ ನನ್ನ ಬೆನ್ನುಜ್ಜುತ್ತಿದ್ದ ಮೀನು ಮಾರುವಾಕೆ, ನಾವೆಲ್ಲ ಮೀನಕ್ಕ ಎಂದು ಕರೆಯುವವಳು, ಥಟ್ಟನೆ ಕೈ ನಿಲ್ಲಿಸಿದಳು.

“ಈ ಮಚ್ಚೆ ಹೋದ್ಸಲ ಇಷ್ಟು ದೊಡ್ಡದಿರ್ಲಿಲ್ವಲ್ಲೇ. ನಾಳೇನೇ ಡಾಕ್ಟ್ರಿಗೆ ತೋರ್ಸು.”

“ಹೊಲಿದ ಬಟ್ಟೆ ಕೊಡೋದಿದೆ ಅಕ್ಕಾ.”

“ಬಟ್ಟೆ ಕಾಯುತ್ತೆ. ಇದು ಕಾಯಲ್ಲ.”

ಅದು ಕ್ಯಾನ್ಸರ್ ಆಗಿತ್ತು. ಕತ್ತರಿಸಿ ತೆಗೆದರು. ಮತ್ತೆ ಬರಬಹುದು, ಬೆನ್ನಿನ ಮೇಲೆ ಯಾರಾದರೂ ಕಣ್ಣಿಟ್ಟಿರಲಿ ಎಂದರು. ತನ್ನ ಬೆನ್ನು ತನಗೆ ಕಾಣದು ಎಂಬುದು ಡಾಕ್ಟರಿಗೂ ಗೊತ್ತು, ಮೀನಕ್ಕನಿಗೂ ಗೊತ್ತು. ನಿಮ್ಮ ಕಚೇರಿಯಲ್ಲಿ ಮಾತ್ರ ತಮ್ಮ ಬೆನ್ನು ತಾವೇ ತಟ್ಟಿಕೊಂಡು ಅಭ್ಯಾಸವಾಗಿರಬೇಕು.

ಈಗ ಕಲ್ಲು ಕಿತ್ತು, ಒಬ್ಬೊಬ್ಬರಿಗೊಂದು ತಗಡಿನ ಗೂಡು ಮಾಡಿಸಿದ್ದೀರಿ. ಮೊನ್ನೆ ಮೀನಕ್ಕ ನನ್ನ ಬೆನ್ನು ನೋಡಲೆಂದು ಗೂಡಿನ ಬಾಗಿಲು ತಟ್ಟಿದ್ದಕ್ಕೆ ಕಾವಲಿನವಳು ಅವಳನ್ನು ಒದ್ದೆ ಬಟ್ಟೆಯಲ್ಲೇ ಹೊರಗೆ ಕಳಿಸಿದಳು. “ನನ್ನ ಬೈಬೇಡಿ ಅಕ್ಕಾ, ನಂದೂ ಹೊಟ್ಟೆಪಾಡು,” ಅಂದಳು. ಮನೆಗೆ ಬಂದು ಬೆನ್ನು ತಡವಿಕೊಂಡೆ. ಗಾಯದ ಗುರುತಿನವರೆಗೆ ಬೆರಳು ಹೋಗುವುದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಅಷ್ಟಕ್ಕೂ ಬೆನ್ನುಜ್ಜುವುದು ಬೇಡವೆಂದು ನಿಮಗೆ ದೂರು ಕೊಟ್ಟವರು ಯಾರು? ನಮ್ಮಲ್ಲಿ ಯಾರೂ ಅಲ್ಲ. ಈ ಗೂಡುಗಳಲ್ಲಿ ಮೊದಲಿನ ಅರ್ಧ ಜನವೂ ಹಿಡಿಯುವುದಿಲ್ಲ. ಬರುವವರು ಕಡಿಮೆಯಾದ ಮೇಲೆ ‘ಜನರಿಗೇ ಬೇಕಿಲ್ಲ’ ಎಂದು ಬೀಗ ಜಡಿಯುವ ಯೋಚನೆಯೇ? ‘ಮುಚ್ಚುವ ಉದ್ದೇಶವಿಲ್ಲ’ ಎಂದು ಫಲಕದ ಕೆಳಗೆ ಸಣ್ಣಕ್ಷರದಲ್ಲಿ ಬರೆಸಿದ್ದೀರಿ. ಅದನ್ನು ನಿಮ್ಮನ್ನು ಕೇಳಿದವರಾದರೂ ಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನಿಯಮ ಹಿಂತೆಗೆದುಕೊಳ್ಳಿ, ಕಲ್ಲನ್ನು ಇದ್ದಲ್ಲಿ ಇಡಿಸಿ. ಆಗದಿದ್ದರೆ ನಿಮ್ಮ ಕಚೇರಿಯಿಂದ ಒಬ್ಬ ಹೆಣ್ಣುಮಗಳನ್ನು ವಾರಕ್ಕೊಮ್ಮೆ ನನ್ನ ಕೋಣೆಗೆ ಕಳಿಸಿ. ಅವಳು ನನ್ನ ಬೆನ್ನು ನೋಡಲಿ. ಅಲ್ಲಿ ಏನೂ ಇಲ್ಲವೆಂದು ನೀವು ನಿಮ್ಮ ಮೊಹರು ಒತ್ತಿ ಬರೆದುಕೊಡಿ.

ಇಂತಿ,
ನಿಮ್ಮ ಕಾನೂನಿನಂತೆ ಶುಚಿಯಾಗಿ, ಬೆನ್ನಲ್ಲೇನಿದೆಯೋ ತಿಳಿಯದೆ ಕೂತಿರುವ
ಒಬ್ಬ ದರ್ಜಿ