ಬಣ್ಣ ಹಚ್ಚದೆ ಉಳಿದ ಟ್ಯಾಂಕು

ಮಸಗುಪ್ಪಿ
ಸೋಮವಾರ, ೧೦ ಮಾರ್ಚ್ ೨೦೨೫

ಪ್ರೀತಿಯ ಮಗಳು ಮಾಯಾಳಿಗೆ ನಿನ್ನ ಅಪ್ಪ ದುರ್ಗಪ್ಪ ಬರೆಯುವುದು.

ತಲೆಯ ಗಾಯ ಒಣಗಿತೇ? ಹೊಲಿಗೆ ಬಿಚ್ಚಿದ ಜಾಗ ತುರಿಸಿದರೆ ಕೊಬ್ಬರಿ ಎಣ್ಣೆ ಸವರು, ಉಗುರು ತಾಗಿಸಬೇಡ. ಎಡಗಣ್ಣು ಮಂಜಾಗುತ್ತದೆ ಎಂದಿದ್ದೆ, ಈಗ ಹೇಗಿದೆ? ನಿನ್ನ ಫೋನು ನಿನ್ನ ಗಂಡನ ಕಿಸೆಯಲ್ಲಿದೆ, ಅದಕ್ಕೇ ಇದನ್ನು ಬಳೆ ಮಾರುವ ರಾಮವ್ವನ ಬುಟ್ಟಿಯಲ್ಲಿ ನಿಮ್ಮೂರು ದಡ್ಡಿಗೆ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಹೋದ ವಾರ ನಿನ್ನ ಗಂಡ ಗಜಾನನ ಮದುವೆಯಲ್ಲಿ ನಾವು ಕೊಟ್ಟ ಹಳೆಯ ಆರ್‌ಎಕ್ಸ್ ಗಾಡಿಯನ್ನು ಟೆಂಪೋದಲ್ಲಿ ಹೇರಿ ತಂದು ಅಂಗಳದಲ್ಲಿ ಇಳಿಸಿ ಹೋದ. "ನಿಮ್ಮ ಮಗಳು ಗಾಡಿ ಮ್ಯಾಲಿಂದ ಬಿದ್ದು ತಲಿನೂ ಒಡಕೊಂಡಾಳ, ಗಾಡಿನೂ ಕೆಡಸ್ಯಾಳ. ಬಣ್ಣ ನೀವ ಹಚ್ಚಿ ಕೊಡ್ರಿ" ಅಂದ. ಮದುವೆಯಲ್ಲಿ ಕೊಟ್ಟ ವಸ್ತು ಕೆಟ್ಟರೆ ತವರಿನವರೇ ದುರಸ್ತಿ ಮಾಡಿಕೊಡಬೇಕು ಎಂಬುದು ನಮ್ಮ ಕಡೆಯ ರೂಢಿ. ಹಂಡೆ ಸೋರಿದರೂ ತವರಿಗೆ, ಕಪಾಟಿನ ಬಾಗಿಲು ಕಿತ್ತರೂ ತವರಿಗೆ. ಆ ರೂಢಿಯನ್ನು ನಂಬಿಯೇ ಅವನು ಗಾಡಿಯನ್ನು ನನ್ನ ಕೈಗೆ ಕೊಟ್ಟ. ಬುದ್ಧಿಯಿದ್ದಿದ್ದರೆ ಊರಾಚೆಯ ಯಾವುದಾದರೂ ಗ್ಯಾರೇಜಿಗೆ ಹಾಕುತ್ತಿದ್ದ.

ಆ ಗಾಡಿಯನ್ನು ನೀನು ಹುಟ್ಟಿದ ವರ್ಷ ತಂದವನು ನಾನು. ಅದು ಬಿದ್ದ ಒಂದೊಂದು ಸಲವೂ ನನಗೆ ನೆನಪಿದೆ. ಸೈಲೆನ್ಸರಿನ ಗೀರು ಕಬ್ಬಿನ ಟ್ರ್ಯಾಕ್ಟರ್ ಒತ್ತಿದಾಗಿನದು. ಬಲಗಡೆಯ ಹ್ಯಾಂಡಲ್ ತುದಿ ಸವೆದದ್ದು ನಿನ್ನ ತಮ್ಮ ಉಮೇಶ ಮೂಡಲಗಿ ಸಂತೆಯಲ್ಲಿ ಕೆಡವಿದಾಗ. ಬಿದ್ದ ಗಾಡಿ ಹ್ಯಾಂಡಲ್ ತುದಿಯಲ್ಲಿ, ಕಾಲು ಇಡುವ ಕಂಬಿಯಲ್ಲಿ ನೆಲದ ಗುರುತು ಇಟ್ಟುಕೊಂಡೇ ಏಳುತ್ತದೆ. ನಾನು ಮಂಡಿಯೂರಿ ಎರಡೂ ಬಾಜೂ ನೋಡಿದೆ, ಮಾಯಾ. ಹೊಸ ಗೀರು ಒಂದೂ ಇಲ್ಲ. ಎಲ್ಲವೂ ತುಕ್ಕು ಹಿಡಿದ ಹಳೆಯವು.

ಆಮೇಲೆ ಟ್ಯಾಂಕು ಬಿಚ್ಚಿ, ನೀರು ಹಾಕುತ್ತ ಪಾಲಿಶ್ ಕಾಗದದಿಂದ ತಿಕ್ಕತೊಡಗಿದೆ. ಆ ಮನೆಯವರು ಅವಸರದಲ್ಲಿ ಬಳಿದ ಕಪ್ಪು ಬಣ್ಣ ಮಸಿಯಂತೆ ಹರಿಯಿತು. ಅದರ ಕೆಳಗೆ, ಮದುವೆಯ ಮುಂಚೆ ನಿಮ್ಮವ್ವ ಹಠ ಹಿಡಿದು ಹಳದಿಯಲ್ಲಿ ಬರೆಸಿದ ನಿನ್ನ ಹೆಸರು. ಹೆಸರಿನ ಮಗ್ಗುಲಲ್ಲಿ ಅಂಗೈ ಅಗಲ ಪುಟ್ಟಿ ಮೆತ್ತಿ ತಗ್ಗು ಮುಚ್ಚಿದ್ದಾರೆ. ಚಾಕುವಿನಿಂದ ಕೆರೆದೆ. ಪುಟ್ಟಿಯೊಳಗೆ ಉದ್ದ ಕೂದಲು ಸಿಕ್ಕಿಕೊಂಡಿದ್ದವು, ಬುಡದ ಚರ್ಮದ ಸಮೇತ. ತಲೆಯನ್ನು ಒಂದೇ ಸಲ ಬಡಿದರೆ ಆ ತಗಡು ಅಷ್ಟು ಒಳಗೆ ಹೋಗುವುದಿಲ್ಲ.

ಶನಿವಾರ ಗಜಾನನ ಗಾಡಿ ಒಯ್ಯಲು ಬಂದ. ಅಂಗಳದಲ್ಲಿ ನಿಂತು ನಗೆಯಾಡಿದ. "ಏನ್ರಿ ಮಾವಾರ, ಬಣ್ಣ ಹಚ್ಚಂದ್ರ ಚರ್ಮ ಸುಲದು ಕುಂತೀರಲ್ಲ!" ನಿಮ್ಮವ್ವ ಟ್ಯಾಂಕನ್ನು ಅವನ ಮುಂದೆ ಹಿಡಿದು, "ಇಲ್ಲಿ ಕೈ ಇಟ್ಟ ಹೇಳ್ರಿ ಅಳಿಯಂದ್ರ, ಈ ತಗ್ಗು ಯಾ ರೋಡಿಂದು?" ಅಂದಳು. ಅವನು ಟ್ಯಾಂಕನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ, "ಬಾಯಿ ಭಾಳ ಆಗಿತ್ರಿ ಅಕೀದು. ತಲಿ ಹಿಡದು ತಿಳಿಸಿ ಹೇಳೇನಿ. ನನ್ನ ಹೆಂಡ್ತಿ, ನನ್ನ ಗಾಡಿ" ಅಂದ.

ಉಮೇಶನ ಕೈಯಲ್ಲಿ ಬೋಲ್ಟು ಬಿಚ್ಚುವ ದೊಡ್ಡ ಪಾನಾ ಇತ್ತು. ಬೀಸಿದ್ದು ನನಗೆ ಕಾಣಲಿಲ್ಲ, ಸದ್ದು ಮಾತ್ರ ಕೇಳಿಸಿತು. ಗಜಾನನನ ಎರಡು ಹಲ್ಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದವು. ಅವನು ರಕ್ತ ಉಗುಳುತ್ತ ಬಿಚ್ಚಿಟ್ಟಿದ್ದ ಗಾಡಿಯ ಚೈನು ಎತ್ತಿಕೊಂಡು ಉಮೇಶನ ಮುಖಕ್ಕೆ ಹೊಡೆದ, ಕಿವಿ ಹರಿಯಿತು. ಬಿಡಿಸಲು ಹೋದ ನಿಮ್ಮವ್ವನ ಹೊಟ್ಟೆಗೆ ಒದ್ದ. ಅವಳು ನೆಲಕ್ಕೆ ಬಿದ್ದಾಗ ನನಗೆ ನನ್ನ ವಯಸ್ಸು ಮರೆತುಹೋಯಿತು. ಅವನನ್ನು ಗೋಡೆಗೆ ಒತ್ತಿ, ಕೆರೆಯುವ ಚಾಕು ಕುತ್ತಿಗೆಗೆ ಇಟ್ಟೆ. ಅಲಗಿನ ಕೆಳಗೆ ನರ ಬಡಿದುಕೊಳ್ಳುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಒಂದಿಷ್ಟು ಒತ್ತಿದ್ದರೆ ಸಾಕಿತ್ತು, ಒತ್ತುವ ಮನಸ್ಸೂ ಇತ್ತು. ನೆಲದಿಂದ ನಿಮ್ಮವ್ವ ಕೂಗಿದಳು: "ಬ್ಯಾಡ್ರಿ! ಇವ ಸತ್ರ ನಮ್ಮ ಹುಡಿಗಿ ಮಾತು ಯಾರ್ ಕೇಳ್ತಾರ?" ಚಾಕು ತೆಗೆದೆ. ಅವನು ಬಾಯಿ ಹಿಡಿದುಕೊಂಡು ನೆಟ್ಟಗೆ ಪೊಲೀಸ್ ಠಾಣೆಗೆ ಹೋದ.

ಸಂಜೆಯೊಳಗೆ ಉಮೇಶನ ಮೇಲೆ ಕೇಸಾಯಿತು. ಎರಡು ಹಲ್ಲಿಗೆ ಅಷ್ಟು ಅವಸರ. ನಿನ್ನ ಒಡೆದ ತಲೆಗೆ ಮಾತ್ರ, ಗಂಡ ಹೇಳಿದ "ಬಿದ್ದಳು" ಎಂಬ ಒಂದೇ ಮಾತು ಸಾಕಾಯಿತು! ಮನೆಯೊಳಗಿನ ಹೊಡೆತದಿಂದ ಹೆಣ್ಣುಮಕ್ಕಳನ್ನು ಕಾಯುವ ಕಾನೂನು ಜಾರಿಗೆ ಬಂದಾಗ ನೀನು ನಾಲ್ಕನೇ ಇಯತ್ತೆಯಲ್ಲಿದ್ದೆ. ಆ ಸುದ್ದಿಯನ್ನು ನಿನ್ನಿಂದಲೇ ಗಟ್ಟಿಯಾಗಿ ಓದಿಸಿದ್ದೆ. ಇನ್ನು ಯಾರೂ ಹೊಡೆಯಂಗಿಲ್ಲೇನಪ್ಪಾ ಎಂದು ಕೇಳಿದ್ದೆ ನೀನು. ದಡ್ಡಿಯ ಹಿರಿಯರು ನಿನ್ನೆ ಬಂದು ನಮ್ಮ ಚಹಾ ಕುಡಿದು, "ಗಂಡ ಹೆಂಡ್ತಿ ಜಗಳ, ಗಾಡಿಗೆ ಬಣ್ಣ ಹಚ್ಚಿ ಕೊಟ್ಟುಬಿಡ್ರಿ, ಕೇಸ್ ತಗಸ್ತೀವಿ" ಅಂದರು. ಎಲ್ಲರೂ ಓದು ಬಲ್ಲವರು, ಮಾಯಾ. ಒಬ್ಬನೂ ಟ್ಯಾಂಕಿನ ಕಡೆ ಕಣ್ಣೆತ್ತಲಿಲ್ಲ.

ನಿಮ್ಮವ್ವ ಎದ್ದು ಕೂತು ಗಂಜಿ ಕುಡಿಯುತ್ತಾಳೆ. ಉಮೇಶ ಕಿವಿಗೆ ಪಟ್ಟಿ ಕಟ್ಟಿಕೊಂಡೇ ಎಮ್ಮೆ ಹಿಂಡುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ತಲೆ ಕಾಯಲಿ, ಅವನು ಮರೆತರೆ ನಾವಿದ್ದೇವೆ.

ನಿನ್ನ ಅಪ್ಪ,
ದುರ್ಗಪ್ಪ

ತಾ.ಕ.: ರಾಮವ್ವ ಹೊರಟು ನಿಂತಿದ್ದಾಳೆ. ಬುಧವಾರ ಮುಂಜಾನೆ ಉಮೇಶನ ಕೇಸಿನ ಸಲುವಾಗಿ ಪೊಲೀಸರು ನಿನ್ನನ್ನು ವಿಚಾರಿಸಲು ದಡ್ಡಿಗೆ ಬರುತ್ತಾರೆ. ಬಿದ್ದೆ ಎಂದು ನೀನೇ ಹೇಳಿದರೆ ಉಮೇಶ ಜೈಲಿಗೆ ಹೋಗುತ್ತಾನೆ, ನೀನು ಆ ಮನೆಯಲ್ಲೇ ಸಾಯುತ್ತೀ. ಟ್ಯಾಂಕಿಗೆ ಬಣ್ಣ ಹಚ್ಚಿಲ್ಲ, ಕೂದಲು ಇದ್ದಲ್ಲೇ ಇವೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ನಿಮ್ಮ ಮನೆಯ ಎದುರಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಹೆದರಿಕೆಗೆ ಬಾಯಿ ಬಿಡಲಾಗದಿದ್ದರೆ ಮಾತಾಡಬೇಡ. ಹೊರಗೆ ಬಂದು ನನ್ನ ಮಗ್ಗುಲಲ್ಲಿ ಕೂತು, ಪೊಲೀಸರ ಎದುರು ತಲೆಯ ಮೇಲಿನ ಸೆರಗು ತೆಗೆ.