ಹದಿನೆಂಟು ತೆಗೆದೆ, ಒಂದು ಉಳಿಯಿತು

ವಿಜಯನಗರ
14 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಕೋಕಿಲಾ,

ಮೆಟ್ರೋ ಹತ್ತಿದರೆ ಅರ್ಧ ಗಂಟೆಯಲ್ಲಿ ಕೆಂಗೇರಿಗೆ ಬಂದು ನಿನ್ನ ಮುಂದೆ ಕೂರಬಹುದಾದವಳು ಪತ್ರ ಬರೆಯುತ್ತಿದ್ದೇನೆ. ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿದ ಬಾಯಿ ಇದು, ಸುಮ್ಮನಿದ್ದು ಗೊತ್ತಿಲ್ಲ. ಆದರೆ ಹೋದ ವಾರ ತಮ್ಮ ಪುರುಷೋತ್ತಮನ ವರ್ಷಾಂತಿಕದ ದಿನ ಅಡುಗೆಮನೆಯಲ್ಲಿ ನೀನು ಹೇಳಿದ ಮಾತಿಗೆ ಎದುರು ಕೂತು ಉತ್ತರ ಹೇಳಲಾರೆ. "ನಾನೇ ಕೊಂದೆ ಅಕ್ಕ ಅವ್ರನ್ನ. ಫೋನ್ ಕೈಲಿಟ್ಕೊಂಡು ನಿದ್ದೆ ಮಾಡ್ಬಿಟ್ಟೆ" ಅಂದೆಯಲ್ಲ. ಹೊರಗೆ ಪಂಕ್ತಿಯಲ್ಲಿ ಅನಿಕೇತ್, ನೀನು ಪಾಯಸ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದ. ಹೆತ್ತ ಮಗ.

ನಿನ್ನ ನಿದ್ದೆಯದು ತಪ್ಪಲ್ಲ. ಆ ಫೋನ್ ಸದ್ದು ಮಾಡಲೇ ಇಲ್ಲ. ಸದ್ದು ಮಾಡದ ಹಾಗೆ ಮಾಡಿದವಳು ನಾನು.

ಹೊಸ ಫೋನ್ ಬಂದ ವಾರ ಪುರುಷೋತ್ತಮ ನನ್ನ ಹತ್ತಿರ ಗೋಳಾಡಿದ್ದು ನಿನಗೂ ನೆನಪಿರಬೇಕು. ಕೊಂಡಾಗಲೇ ಅದರೊಳಗೆ ರಮ್ಮಿ, ರಾಶಿಭವಿಷ್ಯ, ಅಂಗಡಿ, ಸುದ್ದಿ ಎಂದು ಹಾಳುಮೂಳು ಆಪ್‌ಗಳು ತುಂಬಿದ್ದವು. ಐದು ನಿಮಿಷಕ್ಕೊಂದು ಟಿಂಗ್. ಕಿಡ್ನಿಗಾಗಿ ನಾಲ್ಕು ವರ್ಷದಿಂದ ಆಸ್ಪತ್ರೆಯ ಪಟ್ಟಿಯಲ್ಲಿ ಕಾಯುತ್ತಿದ್ದವನು. "ಪ್ರತಿ ಸಲ ಕಿಡ್ನಿ ಬಂತು ಅಂತ ಎದ್ದು ಕೂತ್ಕೋತೀನಿ ಕಣಕ್ಕ, ನೋಡಿದ್ರೆ ಚಪ್ಪಲಿ ಆಫರ್" ಅಂದ. ನಗುತ್ತಲೇ ಅಂದ.

ನಾನು ಪಟ್ಟು ಹಿಡಿದು ಕೂತೆ. ಕೆಲವನ್ನು ಅಳಿಸಿದೆ, ಅಳಿಸಲು ಬಾರದವನ್ನು ನಿಲ್ಲಿಸಿದೆ. ಹದಿನೆಂಟು. ಒಂದನ್ನು ಮಾತ್ರ ಅಳಿಸಲೂ ಆಗಲಿಲ್ಲ, ನಿಲ್ಲಿಸಲೂ ಆಗಲಿಲ್ಲ. ‘ಕರೆ ಕವಚ’ ಎಂದು ಅದರ ಹೆಸರು. ತೆರೆದರೆ, ಗುರುತಿಲ್ಲದ ನಂಬರುಗಳನ್ನು ತಡೆಯಲೇ ಎಂದು ಕೇಳಿತು. ಸೈಟ್ ಮಾರುವವರ ಕಾಟ ನೆನಪಾಗಿ ಹೌದು ಎಂದು ಒತ್ತಿದೆ. ಒತ್ತಿ, ನಿಮ್ಮಿಬ್ಬರ ಮುಂದೆ ಜಂಭವನ್ನೂ ಕೊಚ್ಚಿಕೊಂಡೆ.

ಹೋದ ವರ್ಷ ಆಗಸ್ಟ್‌ನ ಆ ಬೆಳಿಗ್ಗೆ ಅವನು ರಾಜಾಜಿನಗರದಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಅಂಟಿ ಮಲಗಿದ್ದ, ಫೋನ್ ನಿನ್ನ ಕೈಯಲ್ಲಿತ್ತು. ಕಿಡ್ನಿ ಸಿಕ್ಕಿದೆ ಎನ್ನಲು ಆಸ್ಪತ್ರೆಯವರು ಅಂದು ನಾವು ಫೋನಿನಲ್ಲಿ ಹೆಸರು ಹಾಕಿಕೊಂಡಿದ್ದ ನಂಬರಿನಿಂದ ಮಾಡದೆ ಬೇರೆ ನಂಬರಿನಿಂದ ಮಾಡಿದರು. ಹನ್ನೊಂದೂ ಹತ್ತಕ್ಕೆ, ಹದಿನೆಂಟಕ್ಕೆ, ಮೂವತ್ತೊಂದಕ್ಕೆ. ಎರಡನೆಯ ನಂಬರೆಂದು ನಾವು ಕೊಟ್ಟಿದ್ದ ಲ್ಯಾಂಡ್‌ಲೈನ್ ಎಂದೋ ಸತ್ತಿತ್ತು. ಮೊದಲ ಕರೆಯಿಂದ ಒಂದು ಗಂಟೆ ಕಾದು, ಪಟ್ಟಿಯಲ್ಲಿ ಮುಂದಿನವರನ್ನು ಕರೆದರು. ಮರುವಾರ ಇದು ತಿಳಿದಾಗ, ಫೋನ್ ಯಾರ ಕೈಲಿತ್ತು ಎಂದು ಅನಿಕೇತ್ ಕೇಳಿದ. ನನ್ನ ಕೈಲೇ ಎಂದೆ ನೀನು. ಸ್ವಲ್ಪ ಕಣ್ಣು ಹತ್ತಿತ್ತು ಎಂದೂ ಸೇರಿಸಿದೆ. ಅಷ್ಟು ಸತ್ಯ ಹೇಳುವ ಅಗತ್ಯವಿರಲಿಲ್ಲ ಕಣೇ. ಡಿಸೆಂಬರಿನಲ್ಲಿ ಪುರುಷೋತ್ತಮ ಹೋದ. ಮಗ ಅಂದಿನಿಂದ ನಿನ್ನನ್ನು ಅಮ್ಮ ಎಂದಿಲ್ಲ.

ಹದಿಮೂರನೆಯ ದಿನ ನೆನಪಿಗೆಂದು ಅವನ ಫೋನ್ ಕೇಳಿ ತಂದೆನಲ್ಲ, ಮನೆಯಲ್ಲಿ ಆ ಕವಚವನ್ನು ತೆರೆದು ನೋಡಿದೆ. ಮೂರು ಕರೆಗಳೂ ಸಾಲಾಗಿ ಇದ್ದವು. ಆಸ್ಪತ್ರೆಯ ಹೆಸರೂ ಪಕ್ಕದಲ್ಲೇ ಇತ್ತು. ಯಾರೆಂದು ಗೊತ್ತಿದ್ದೇ ತಡೆದಿತ್ತು ಆ ದರಿದ್ರ. ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಮ್ಮನನ್ನು ತಿಂದವಳು ಎನಿಸಿಕೊಳ್ಳಲು ಹೆದರಿ ಆ ಹೆಸರನ್ನು ನಿನ್ನ ತಲೆಗೆ ಕಟ್ಟಿ, ಒಂದು ವರ್ಷ ನಿನ್ನ ಮನೆಯ ಕಾಫಿ ಕುಡಿದೆ.

ಪತ್ರದ ಜೊತೆ ಫೋನ್ ಇದೆ, ಚಾರ್ಜ್ ಮಾಡಿದ್ದೇನೆ. ಅನಿಕೇತನಿಗೆ ಪತ್ರವನ್ನೂ ಕೊಡು, ಆ ಕರೆಗಳ ಪಟ್ಟಿಯನ್ನೂ ತೋರಿಸು. ಅವನು ನನ್ನ ಮುಖ ನೋಡದಿದ್ದರೆ ಬೇಡ. ನಿನ್ನ ಮುಖ ನೋಡಿದರೆ ಸಾಕು.

ನಿನ್ನ
ಪಂಕಜಕ್ಕ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಒಂದು ಸುಳ್ಳಿದೆ. ಹೊಡೆದುಹಾಕಿ ಹೊಸದಾಗಿ ಬರೆಯಲು ಕೂತರೆ ಧೈರ್ಯ ಹೋಗುತ್ತದೆಂದು ಹಾಗೇ ಬಿಟ್ಟಿದ್ದೇನೆ. ಆ ಪಟ್ಟಿಯನ್ನು ನಾನು ಮೊದಲು ನೋಡಿದ್ದು ಹದಿಮೂರನೆಯ ದಿನವಲ್ಲ. ಆಗಸ್ಟ್‌ನ ಆ ಬೆಳಿಗ್ಗೆಯೇ ನೋಡಿದೆ. ನಾನು ಊಟದ ಡಬ್ಬಿ ತಂದಾಗ ನೀನು ಫೋನ್ ನನಗೆ ಕೊಟ್ಟು ಮುಖ ತೊಳೆಯಲು ಹೋದೆ. ಆಗ ಹನ್ನೊಂದೂ ಮುಕ್ಕಾಲು. ಇನ್ನೂ ಇಪ್ಪತ್ತೈದು ನಿಮಿಷ ಇತ್ತು. ನಾನೇ ಆಸ್ಪತ್ರೆಗೆ ಮಾಡಿದರೆ ಮೂರು ಸಲ ಯಾಕೆ ಎತ್ತಲಿಲ್ಲ ಎಂದು ಕೇಳುತ್ತಾರೆ, ಎಲ್ಲರೆದುರು ನನ್ನ ಜಾಣತನ ಬಯಲಾಗುತ್ತದೆ ಅನ್ನಿಸಿತು. ತಡೆಯನ್ನು ತೆಗೆದೆ. ಅವರೇ ಮತ್ತೆ ಮಾಡುತ್ತಾರೆ, ಮೊದಲ ಸಲವೇ ಎತ್ತಿದ ಹಾಗೆ ಎತ್ತಿದರಾಯಿತು ಎಂದು ಕಾದೆ. ಮಾಡಲಿಲ್ಲ. ನೀನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು, ಯಾರಾದ್ರೂ ಮಾಡಿದ್ರಾ ಅಕ್ಕ ಎಂದು ಕೇಳಿದೆ. ನಾನು ಇಲ್ಲ ಅಂದೆ.